ಹೊಸೂರು–ಕೃಷ್ಣಗಿರಿ ದಾರಿಯ ಮಣ್ಣು: ಒಂದು ಚಾರಿತ್ರಿಕ ವಿವೇಚನೆ

ಗಡಿನಾಡಿನ ಉಪಾಧ್ಯಾಯರಿಗೆ ಕಲ್ಲನ್ನು ಓದುವ ಅಭ್ಯಾಸ ಹೊಸದೇನೂ ಅಲ್ಲ. ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲಗಳ ಸುತ್ತಿನ ಹೊಲಗಳಲ್ಲಿ ಒರಗಿ ಬಿದ್ದ ವೀರಗಲ್ಲನ್ನು ನಿಲ್ಲಿಸಿ, ತೊಳೆದು, ಅದರ ಸವೆದ ಅಕ್ಷರಗಳನ್ನು ಬಿಡಿಸುವ ಕೆಲಸವನ್ನು ನಮ್ಮವರು ಮೊದಲಿಂದಲೂ ಸಂತೋಷದಿಂದಲೇ ಮಾಡಿಕೊಂಡು ಬಂದಿದ್ದಾರೆ. ಆದರೆ ಆ ಕಲ್ಲು ನಿಂತಿರುವ ಮಣ್ಣಿನ ಕಡೆಗೆ ನಮ್ಮ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಅದರಲ್ಲಿಯೂ ದಾರಿಯ ಪಕ್ಕದ ಮಣ್ಣು ಎಂದರೆ ಧೂಳು, ಕಸ, ಜಲ್ಲಿ ಎಂಬಷ್ಟೇ ಭಾವನೆ. ಆ ಮಣ್ಣು ತನ್ನ ಮೇಲೆ ಹಾದುಹೋದವರ ಲೆಕ್ಕವನ್ನು ತನ್ನದೇ ಒಂದು ಲಿಪಿಯಲ್ಲಿ ಬರೆದಿಟ್ಟುಕೊಂಡಿದೆ ಎಂಬುದನ್ನೂ, ಆ ಲಿಪಿಯನ್ನು ಓದಲು ರಸಾಯನಶಾಸ್ತ್ರಜ್ಞನೊಬ್ಬನೇ ಸಾಲನು, ಊರಿನ ಚರಿತ್ರೆ ಬಲ್ಲವನೂ ಜೊತೆಗೆ ಬೇಕು ಎಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ದಾರಿಯ ವಿಷಯ. ಪೂರ್ವ ಕರಾವಳಿಯ ಬಯಲಿನಿಂದ ಮೈಸೂರು ಸೀಮೆಯ ಎತ್ತರಕ್ಕೆ ಹತ್ತಬೇಕಾದವರಿಗೆ ಬಾರಾಮಹಲು ಒಂದು ಹೊಸ್ತಿಲಿನಂತೆ ಇದ್ದಿತು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಜುಲೈ ತಿಂಗಳಲ್ಲಿ, ಹೊಸೂರು ಮತ್ತು ರಾಯಕೋಟೆಗಳು ಕಂಪನಿಯವರ ಕೈಗೆ ಬಂದವು. ಅದೇ ವರ್ಷದ ನವೆಂಬರಿನಲ್ಲಿ ಕೃಷ್ಣಗಿರಿಯ ಬೆಟ್ಟದ ಕೋಟೆಯ ಮೇಲೆ ಕರ್ನಲ್ ಮ್ಯಾಕ್ಸ್‌ವೆಲ್ ನಡೆಸಿದ ದಾಳಿ ಮಾತ್ರ ಸಫಲವಾಗಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಕಂಪನಿಗೆ ಸೇರಿತು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನೂ ಅವನ ಕೈಕೆಳಗೆ ತಾಮಸ್ ಮನ್ರೋ ಮೊದಲಾದವರೂ ಇಲ್ಲಿ ಕಂದಾಯದ ವ್ಯವಸ್ಥೆಯನ್ನು ನಡೆಸಿದರು. 1799ರ ಫೆಬ್ರವರಿಯಲ್ಲಿ ವೇಲೂರಿನಿಂದ ಹೊರಟ ಜನರಲ್ ಹ್ಯಾರಿಸನ ದಂಡು ಬಾರಾಮಹಲು, ರಾಯಕೋಟೆ, ಕೆಲಮಂಗಲಗಳ ಮಾರ್ಗವಾಗಿಯೇ ಶ್ರೀರಂಗಪಟ್ಟಣದ ಕಡೆಗೆ ಸಾಗಿತು. ಇವೆಲ್ಲ ನಮ್ಮ ಪಾಠಪುಸ್ತಕಗಳಿಂದ ತಿಳಿದ ಸಂಗತಿಗಳೇ. ದಂಡಿನ ಹಿಂದೆ ನಡೆದ ಅಸಂಖ್ಯ ಎತ್ತುಗಳನ್ನು ಮಾತ್ರ ಯಾವ ಪಾಠಪುಸ್ತಕವೂ ಪ್ರಸ್ತಾಪಿಸುವುದಿಲ್ಲ. ನಮ್ಮ ವಿಷಯಕ್ಕೆ ಸೇನಾಪತಿಗಳಿಗಿಂತ ಆ ಎತ್ತುಗಳೇ ಮುಖ್ಯ.

ಏಕೆಂದರೆ ಬಂಡಿಯ ಕಾಲದ ದಾರಿ ಸಗಣಿ, ಗಂಜಲಗಳ ದಾರಿ. ಎತ್ತು ಹೊಲದಲ್ಲಿ ಮೇದ ಹುಲ್ಲಿನ ಸಾರವನ್ನು ದಾರಿಯಲ್ಲಿ ಚೆಲ್ಲಿ ಹೋಗುತ್ತಿದ್ದಿತು. ದಾರಿಯ ಸಗಣಿಯನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕುವ ಹುಡುಗಿಯರನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ಆದರೂ ಎಲ್ಲವೂ ಬುಟ್ಟಿಗೆ ಬರುತ್ತಿರಲಿಲ್ಲ. ಬಂಡಿಗಳು ಬಿಟ್ಟು ನಿಲ್ಲುತ್ತಿದ್ದ ಗುಂಡುತೋಪು, ಸುಂಕದ ಕಟ್ಟೆ, ಸಂತೆಯ ಮಾಳ, ಕೆರೆಯ ಏರಿಯ ತಪ್ಪಲು ಮುಂತಾದ ಸ್ಥಳಗಳಲ್ಲಿ ಮಣ್ಣಿಗೆ ರಂಜಕವೂ ಸಾರಜನಕವೂ ಸೇರುತ್ತ ಹೋದವು. ಸಾರಜನಕ ಮಳೆಯಲ್ಲಿ ಕೊಚ್ಚಿಯೋ ಗಾಳಿಗೆ ಆರಿಯೋ ಹೋಗುತ್ತದೆ; ರಂಜಕ ಹಾಗಲ್ಲ, ಮಣ್ಣಿನ ಕಬ್ಬಿಣದೊಡನೆಯೂ ಸುಣ್ಣದೊಡನೆಯೂ ಬೆಸೆದುಕೊಂಡು ಶತಮಾನಗಳ ಕಾಲ ಅಲ್ಲಿಯೇ ಕುಳಿತುಬಿಡುತ್ತದೆ. ಸ್ವೀಡನ್ ದೇಶದ ಓಲೋಫ್ ಅರೀನಿಯಸ್ ಎಂಬ ಮಣ್ಣಿನ ವಿಜ್ಞಾನಿ 1920–30ರ ಸುಮಾರಿನಲ್ಲಿ ಈ ಗುಣವನ್ನೇ ಹಿಡಿದು, ಮಣ್ಣಿನ ರಂಜಕವನ್ನು ಅಳೆದು ಹಳೆಯ ಜನವಸತಿಗಳನ್ನು ಗುರುತಿಸುವ ಕ್ರಮವನ್ನು ಬಳಕೆಗೆ ತಂದನು. ಹಾಳುಬಿದ್ದ ಊರಿನ ಗೋಡೆ ಕರಗಿದ ಮೇಲೂ ಅಲ್ಲಿ ದನ ಕಟ್ಟಿದ್ದರೆಂಬುದನ್ನು ಮಣ್ಣು ಹೇಳುತ್ತದೆ.

ಈ ರಂಜಕದ ಮಾತನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕೆಂದು ಬೇಡುತ್ತೇವೆ. ಮುಂದೆ ಅದು ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲಿಗೆ ರೈಲು ಬಂದಿತು. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಕಿರುಗೇಜಿನ ಹಳಿ ಬಿದ್ದು, 1913ರಲ್ಲಿ ಅದು ಹೊಸೂರನ್ನು ಮುಟ್ಟಿತು. ತಿರುಪತ್ತೂರಿನಿಂದ ಕೃಷ್ಣಗಿರಿಗೂ ಅಂತಹುದೇ ಒಂದು ಹಳಿ ಇದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ಮುಚ್ಚಿಹೋದವು. ಹೊಸೂರಿಗೆ 1960ರ ದಶಕದ ಕೊನೆಗೆ ಸೇಲಂ–ಬೆಂಗಳೂರು ಮಾರ್ಗದಿಂದ ರೈಲು ಮರಳಿ ದೊರೆಯಿತು. ಕೃಷ್ಣಗಿರಿ ಪಟ್ಟಣಕ್ಕೆ ಹೋದದ್ದು ಹೋದಂತೆಯೇ ಆಯಿತು. 2004ರಲ್ಲಿ ಜಿಲ್ಲೆಯ ಮುಖ್ಯಪಟ್ಟಣವಾದ ಮೇಲೆಯೂ ಅದರ ಭಾರವೆಲ್ಲ ರಸ್ತೆಯ ಮೇಲೆಯೇ. ಮಾವಿನಕಾಯಿ, ಹುಣಿಸೆಹಣ್ಣು, ಗ್ರಾನೈಟ್ ಕಲ್ಲು, ಟೊಮೇಟೊ ಎಲ್ಲಕ್ಕೂ ಲಾರಿಯೇ ಗತಿ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹಿಂದೆ 7, 46, 66 ಎಂದು ಕರೆಸಿಕೊಂಡವು, 2010ರ ನಂತರ 44, 48, 77 ಎಂಬ ಅಂಕಿಗಳನ್ನು ಪಡೆದವು, ಕೂಡುವ ಸ್ಥಳ ಕೃಷ್ಣಗಿರಿ. ಇಷ್ಟು ದಾರಿಗಳು ಸೇರುವ ಪಟ್ಟಣ ದಕ್ಷಿಣದೇಶದಲ್ಲಿ ಅಪರೂಪವೆಂದೇ ಹೇಳಬೇಕು.

ಇನ್ನು ಮೋಟಾರಿನ ಕಾಲಕ್ಕೆ ಬರೋಣ. ಅಮೆರಿಕದ ತಾಮಸ್ ಮಿಡ್‌ಗ್ಲೆ ಎಂಬಾತ 1921ರ ಡಿಸೆಂಬರಿನಲ್ಲಿ ಒಂದು ಸಂಗತಿಯನ್ನು ಕಂಡುಹಿಡಿದನು: ಪೆಟ್ರೋಲಿಗೆ ಟೆಟ್ರಾ ಈಥೈಲ್ ಸೀಸವೆಂಬ ದ್ರವವನ್ನು ಸ್ವಲ್ಪ ಬೆರಸಿದರೆ ಎಂಜಿನ್ನು ಬಡಿತವಿಲ್ಲದೆ ಓಡುತ್ತದೆ. 1923ರಲ್ಲಿ ಅದು ಮಾರಾಟಕ್ಕೆ ಬಂದು, ಕೆಲವು ದಶಕಗಳಲ್ಲಿ ಜಗತ್ತಿನ ಬಹುತೇಕ ಪೆಟ್ರೋಲೆಲ್ಲ ಸೀಸದ ಪೆಟ್ರೋಲಾಯಿತು. ಎಂಜಿನ್ನಿನ ಒಳಗೆ ಸೀಸ ಗಟ್ಟಿಕಟ್ಟದಿರಲೆಂದು ಬ್ರೋಮಿನ್ ಮತ್ತು ಕ್ಲೋರಿನ್ ಇರುವ ದ್ರವಗಳನ್ನೂ ಜೊತೆಗೆ ಸೇರಿಸುತ್ತಿದ್ದರು. ಅವುಗಳೊಡನೆ ಕೂಡಿದ ಸೀಸ ಹೊಗೆಯ ಕೊಳವೆಯಿಂದ ಸಣ್ಣ ಸಣ್ಣ ಕಣಗಳಾಗಿ ಹೊರಬೀಳುತ್ತಿದ್ದಿತು. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ದಪ್ಪ ಕಣಗಳು ದಾರಿಯ ಅಂಚಿನಿಂದ ಕೆಲವೇ ಮಾರುಗಳೊಳಗೆ ನೆಲಕ್ಕೆ ಇಳಿಯುತ್ತವೆ. ನವಿರಾದವು ಗಾಳಿಯಲ್ಲಿ ತೇಲಿ ಎಲ್ಲಿಗೆ ಬೇಕಾದರೂ ಹೋಗುತ್ತವೆ. ಗ್ರೀನ್‌ಲೆಂಡಿನ ಹಿಮದ ಪದರಗಳಲ್ಲಿಯೂ ಅವು ಸಿಕ್ಕಿವೆ.

ಹಿಮದ ಆ ಪದರಗಳನ್ನು ಓದಿದವರಲ್ಲಿ ಕ್ಲೇರ್ ಪ್ಯಾಟರ್‌ಸನ್ ಎಂಬಾತನ ಕಥೆಯನ್ನು ಒಂದೆರಡು ಮಾತಿನಲ್ಲಾದರೂ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪದು. ಉಲ್ಕಾಶಿಲೆಯೊಳಗಿನ ಸೀಸವನ್ನು ಅಳೆದು, ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ಪ್ರಕಟಿಸಿದವನು ಇವನೇ. ಆ ಅಳತೆ ಮಾಡುವಾಗ ಅವನಿಗೆ ದೊಡ್ಡ ತೊಡಕಾದದ್ದು ಪ್ರಯೋಗಶಾಲೆಯ ಗಾಳಿ, ನೀರು, ಧೂಳು, ಕೈಗಳಲ್ಲೆಲ್ಲ ಇದ್ದ ಸೀಸ. ಎಷ್ಟು ತೊಳೆದರೂ ಸೀಸ, ಎಷ್ಟು ಒರಸಿದರೂ ಸೀಸ. ಇದು ಎಲ್ಲಿಂದ ಬಂದಿತೆಂದು ಹುಡುಕುತ್ತ ಹೊರಟವನು 1965ರಲ್ಲಿ, ಜನರ ದೇಹದಲ್ಲಿ ಈಗಿರುವ ಸೀಸ ಸಹಜವಾದುದಲ್ಲ, ಮನುಷ್ಯನೇ ಹರಡಿದುದು ಎಂದು ಬರೆದನು. ಅದಕ್ಕೂ ಮೂರು ವರ್ಷ ಮೊದಲು, 1962ರಲ್ಲಿ, ಕ್ಯಾನನ್ ಮತ್ತು ಬೋಲ್ಸ್ ಎಂಬ ಇಬ್ಬರು ಅಮೆರಿಕದ ಹೆದ್ದಾರಿಗಳ ಪಕ್ಕದ ಹುಲ್ಲಿನಲ್ಲಿ ಸೀಸ ಸೇರಿರುವುದನ್ನು ತೋರಿಸಿದ್ದರು. ದಾರಿಗೆ ಹತ್ತಿರವಾದಷ್ಟೂ ಹೆಚ್ಚು, ದೂರವಾದಷ್ಟೂ ಕಡಮೆ. ರಸ್ತೆಯ ಮಣ್ಣನ್ನು ಕುರಿತು ಆಮೇಲೆ ಜಗತ್ತಿನಾದ್ಯಂತ ನಡೆದ ಪರಿಶೀಲನೆಗಳಲ್ಲೆಲ್ಲ ಈ ಇಳಿಜಾರಿನ ಚಿತ್ರವೇ ಮತ್ತೆ ಮತ್ತೆ ಕಾಣುತ್ತದೆ.

ನಮ್ಮ ದಾರಿಯ ಮೇಲೆ ಎಷ್ಟು ಬಿದ್ದಿರಬಹುದು? ಗಣಿತ ಕಲಿಸುವ ಮಿತ್ರರು ತರಗತಿಯಲ್ಲಿಯೇ ಮಾಡಿಸಬಹುದಾದ ಒಂದು ಲೆಕ್ಕ ಇದೆ. ಇದು ಅಂದಾಜು ಮಾತ್ರ, ಅಳತೆಯಲ್ಲ. 1990ರ ದಶಕದ ಮೊದಲ ವರ್ಷಗಳ ತನಕ ನಮ್ಮ ದೇಶದ ಸಾಮಾನ್ಯ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಲು ಅನುಮತಿಯಿತ್ತು. ಕಾರು ಲೀಟರಿಗೆ 10 ಕಿಲೋಮೀಟರು ಓಡುವುದೆಂದು ಇಟ್ಟುಕೊಂಡರೆ, ಪ್ರತಿ ಕಿಲೋಮೀಟರಿಗೆ 0.056 ಗ್ರಾಂ ಸೀಸ ಸುಟ್ಟಂತಾಯಿತು. ದಿನಕ್ಕೆ ಅಂತಹ 1000 ವಾಹನಗಳು ಹೋದರೆ ವರ್ಷಕ್ಕೆ 20 ಕಿಲೋಗ್ರಾಮಿಗೂ ಸ್ವಲ್ಪ ಮೇಲು. ಅದರಲ್ಲಿ ಮುಕ್ಕಾಲು ಪಾಲು, ಅಂದರೆ ಸುಮಾರು 15 ಕಿಲೋಗ್ರಾಂ, ಹೊಗೆಯಲ್ಲಿ ಹೊರಬಂದಿತೆನ್ನೋಣ. ಅರ್ಧ ಗಾಳಿಯ ಪಾಲಾಗಿ, ಉಳಿದ ಅರ್ಧ ದಾರಿಯ ಎರಡು ಪಕ್ಕದ ಹತ್ತು ಹತ್ತು ಮೀಟರಿನಲ್ಲಿ ಬಿದ್ದು, ಮೇಲಿನ 10 ಸೆಂಟಿಮೀಟರು ಮಣ್ಣಿನಲ್ಲಿ ಬೆರೆಯಿತೆಂದು ಭಾವಿಸಿದರೆ, ಆ ಪಟ್ಟಿಯ ಮಣ್ಣು ಸುಮಾರು 3000 ಟನ್ನು. ಕಿಲೋಗ್ರಾಂ ಮಣ್ಣಿಗೆ ವರ್ಷಕ್ಕೆ ಎರಡೂವರೆ ಮಿಲಿಗ್ರಾಂ ಸೀಸ ಸೇರಿದಂತಾಯಿತು. ಕೇಳಲು ಅತ್ಯಲ್ಪ. ಆದರೆ 20 ವರ್ಷಕ್ಕೆ 50 ಮಿಲಿಗ್ರಾಂ ಆಗುತ್ತದೆ. ಗ್ರಾನೈಟಿನಂತಹ ಬಂಡೆಗಳಲ್ಲಿ ಸಹಜವಾಗಿರುವ ಸೀಸವೇ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಸುಮಾರು. ಪ್ರಕೃತಿ ಕೋಟ್ಯಂತರ ವರ್ಷಗಳಲ್ಲಿ ಇಟ್ಟದ್ದರ ಎರಡರಷ್ಟನ್ನು ನಾವು ಒಂದು ತಲೆಮಾರಿನೊಳಗೆ ಮೇಲಿಂದ ಸುರಿದೆವು. ಲಾರಿ, ಬಸ್ಸುಗಳು ಡೀಸೆಲ್ಲಿನಿಂದ ಓಡುವುದರಿಂದ ಅವು ಈ ಲೆಕ್ಕಕ್ಕೆ ಸೇರವು. ಆದರೆ 1980ರಿಂದ ಹೊಸೂರಿನಲ್ಲಿಯೇ ತಯಾರಾಗಿ ನಾಡೆಲ್ಲ ಹಬ್ಬಿದ ಟಿ.ವಿ.ಎಸ್. 50ರಂತಹ ಸಣ್ಣ ಪೆಟ್ರೋಲ್ ಗಾಡಿಗಳು ಸೇರುತ್ತವೆ. ಹಾಲಿನ ಕ್ಯಾನು, ಹೂವಿನ ಮೂಟೆ, ಮೂರು ಜನ ಮಕ್ಕಳು, ಎಲ್ಲವನ್ನೂ ಹೊತ್ತು ಅದು ಹೋಗದ ಸಂದು ನಮ್ಮ ಸೀಮೆಯಲ್ಲಿ ಇರಲಿಲ್ಲ.

ಇನ್ನು ಬಿದ್ದ ಸೀಸ ಏನಾಯಿತು ಎಂಬ ಪ್ರಶ್ನೆ. ಇಲ್ಲಿ ನಮ್ಮ ಕೆಂಪು ಮಣ್ಣಿನ ಗುಣವನ್ನು ಗಮನಿಸಬೇಕು. ಗ್ರಾನೈಟು, ನೈಸ್ ಬಂಡೆಗಳು ಕರಗಿ ಆದ ಈ ಮಣ್ಣು ಮರಳು ಹೆಚ್ಚು, ಜಿಗುಟು ಕಡಮೆ. ಕರಿಮಣ್ಣಿನ ಹಾಗೆ ಪೋಷಕಾಂಶಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವ ಶಕ್ತಿ ಇದಕ್ಕಿಲ್ಲ. ಆದರೆ ಇದರ ಕೆಂಪಿಗೆ ಕಾರಣವಾದ ಕಬ್ಬಿಣದ ಆಕ್ಸೈಡುಗಳು ಸೀಸವನ್ನು ಚೆನ್ನಾಗಿ ಅಂಟಿಸಿಕೊಳ್ಳುತ್ತವೆ. ಎಲೆ ಕೊಳೆತ ಗೊಬ್ಬರದ ಅಂಶವೂ ಅದನ್ನು ಹಿಡಿಯುತ್ತದೆ. ಆದುದರಿಂದ ಸೀಸ ಮಳೆಯೊಡನೆ ಕೆಳಗೆ ಇಳಿದುಹೋಗದೆ ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ತಂಗುತ್ತದೆ. ಅಲ್ಲಿಂದ ಅದು ತಾನಾಗಿ ತೊಲಗಬೇಕಾದರೆ ನೂರಾರು ವರ್ಷಗಳು ಬೇಕು. ಮಣ್ಣು ಹುಳಿಯಾದರೆ ಮಾತ್ರ ಹಿಡಿತ ಸಡಿಲವಾಗಿ, ಸೀಸ ನೀರಿಗೂ ಬೇರಿಗೂ ದಕ್ಕುತ್ತದೆ.

ಮತ್ತು ರಂಜಕ! ಸೀಸವೂ ರಂಜಕವೂ ಒಂದೆಡೆ ಇದ್ದರೆ, ಎರಡೂ ಕೂಡಿ ಪೈರೋಮಾರ್ಫೈಟ್ ಎಂಬ, ನೀರಿನಲ್ಲಿ ಕರಗದ ಖನಿಜವಾಗಬಲ್ಲವು. ಸೀಸ ಬಿದ್ದ ನೆಲಕ್ಕೆ ರಂಜಕದ ಗೊಬ್ಬರವನ್ನೋ ಮೂಳೆಯ ಪುಡಿಯನ್ನೋ ಹಾಕಿ ಅದನ್ನು ಕಟ್ಟಿಹಾಕುವ ಉಪಾಯವನ್ನು ಹೊರದೇಶಗಳಲ್ಲಿ ಬಳಸಿದ್ದಾರೆ. ಹಾಗಾದರೆ ಬಂಡಿಯ ಕಾಲದ ಎತ್ತುಗಳು ಗುಂಡುತೋಪಿನಲ್ಲಿ ಬಿಟ್ಟುಹೋದ ರಂಜಕ, ಮೋಟಾರಿನ ಕಾಲದ ಸೀಸವನ್ನು ಒಂದಿಷ್ಟಾದರೂ ಹಿಡಿದು ಕೂಡಿಸಿರಬಹುದಲ್ಲವೆ? ಇದು ನಮ್ಮ ತರ್ಕ. ಪ್ರಯೋಗದಿಂದ ಸಿದ್ಧವಾದ ಮಾತಲ್ಲ. ಆದರೆ ಹಳೆಯ ತಂಗುದಾಣವೊಂದರ ಮಣ್ಣನ್ನೂ ಅದರಿಂದ ಅರ್ಧ ಮೈಲಿ ಮುಂದಿನ ಮಣ್ಣನ್ನೂ ಒಟ್ಟಿಗೆ ಪರೀಕ್ಷಿಸಿದರೆ ತಿಳಿಯಬಹುದಾದ ಸಂಗತಿ. ಹಳೆಯ ತಂಗುದಾಣ ಎಲ್ಲಿತ್ತೆಂಬುದನ್ನು ಪ್ರಯೋಗಶಾಲೆಯವರಿಗೆ ಹೇಳುವವರು ಯಾರು?

ಸೀಸದ ಪೆಟ್ರೋಲು ನಿಂತ ಬಗೆಯಲ್ಲಿಯೂ ಒಂದು ಸ್ವಾರಸ್ಯ ಇದೆ. ಎಂ. ಸಿ. ಮೆಹ್ತಾ ಅವರ ದಾವೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶಗಳ ಕಾಲಕ್ಕೆ, 1995ರ ಏಪ್ರಿಲ್ 1ರಿಂದ, ನಾಲ್ಕು ಮಹಾನಗರಗಳಲ್ಲಿ ಸೀಸವಿಲ್ಲದ ಪೆಟ್ರೋಲು ದೊರೆಯತೊಡಗಿತು. ಅಲ್ಲಿನ ಹೊಸ ಕಾರುಗಳಿಗೆ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅಳವಡಿಸಿದ್ದರು. ಸೀಸ ತಗುಲಿದರೆ ಆ ಯಂತ್ರ ಕೆಡುತ್ತದೆ. ಮಗುವಿನ ಮಿದುಳಿಗೆ ಸೀಸ ಕೆಟ್ಟದ್ದೆಂಬುದು ಎಷ್ಟೋ ಮೊದಲೇ ತಿಳಿದಿತ್ತು. ಆದರೂ ಅದನ್ನು ಪೆಟ್ರೋಲಿನಿಂದ ಹೊರಹಾಕಿಸುವುದಕ್ಕೆ ಯಂತ್ರದ ಆರೋಗ್ಯವೂ ನೆರವಿಗೆ ಬರಬೇಕಾಯಿತು. ದೇಶಕ್ಕೆಲ್ಲ ಸೀಸರಹಿತ ಪೆಟ್ರೋಲು ಬಂದದ್ದು 2000ದ ಫೆಬ್ರವರಿ 1ರಂದು. ಜಗತ್ತಿನಲ್ಲಿ ಕಡೆಯದಾಗಿ ಅಲ್ಜೀರಿಯಾ ದೇಶ 2021ರಲ್ಲಿ ಅದನ್ನು ಕೈಬಿಟ್ಟಿತು.

ಈ ಬದಲಾವಣೆಯ ಹಿಂದೆ ನಮ್ಮ ನೆರೆಯದೇ ಒಂದು ಪ್ರಯತ್ನವೂ ಇತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಹೊಸೂರಿಗೆ ಸಮೀಪದ ಬಾಲಿಗನಪಳ್ಳಿಯಲ್ಲಿ ಬಡಮಕ್ಕಳಿಗಾಗಿ 1997ರಲ್ಲಿ ಶಾಂತಿಭವನ ಶಾಲೆಯನ್ನು ತೆರೆದ ಜಾರ್ಜ್ ಫೌಂಡೇಶನ್ ಸಂಸ್ಥೆಯೇ, 1997–98ರಲ್ಲಿ ದೇಶದ ಪ್ರಮುಖ ನಗರಗಳಲ್ಲಿ ಸುಮಾರು 22,000 ಮಂದಿಯ ರಕ್ತದಲ್ಲಿನ ಸೀಸವನ್ನು ಪರೀಕ್ಷೆಮಾಡಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಕೆಲಸದಲ್ಲಿ ಮುಖ್ಯರು. ಪರೀಕ್ಷೆಗೆ ಒಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಈ ವಿಷಯವಾಗಿಯೇ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷವೇ ಸೀಸದ ಪೆಟ್ರೋಲು ನಿಂತಿತು. ರಕ್ತಕ್ಕೆ ಸೀಸ ಬರುವುದು ಪೆಟ್ರೋಲಿನಿಂದ ಮಾತ್ರವಲ್ಲ. ಬಣ್ಣ, ಬ್ಯಾಟರಿ, ಕಲಾಯಿ, ಕೆಲವು ಔಷಧಿಗಳಿಂದಲೂ ಬರುತ್ತದೆ ಎಂಬುದನ್ನು ಹೇಳುವುದು ನ್ಯಾಯ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹೆದ್ದಾರಿ ನಾಲ್ಕು ಪಥವಾಗಿ ಹಿಗ್ಗಿ, ವಾಹನಗಳು ಹಲವು ಪಟ್ಟು ಹೆಚ್ಚಿದ್ದು ಬಹುಮಟ್ಟಿಗೆ 2000ದ ಈಚೆಗೆ. ಸೀಸ ಬಿದ್ದದ್ದು ಅದಕ್ಕೂ ಮೊದಲು. ಆದುದರಿಂದ ಇಂದು ಭೋರೆಂದು ಲಾರಿ ಓಡುವ ಹೊಸ ಹೆದ್ದಾರಿಯ ಅಂಚಿನಲ್ಲಿ ಸೀಸ ಕಡಮೆಯಿದ್ದು, ಈಗ ವಾಹನ ವಿರಳವಾದ ಹಳೆಯ ಬೀದಿಯಲ್ಲಿ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಹೊಸೂರಿನಲ್ಲಿ ಹಳೆಯ ಬೆಂಗಳೂರು ರಸ್ತೆ ಎಂದು ಇಂದಿಗೂ ಕರೆಯುವ ಬೀದಿ ಇದೆಯಲ್ಲ. ಒಂದು ಕಾಲಕ್ಕೆ ಬೆಂಗಳೂರಿಗೆ ಹೋಗುವವರೆಲ್ಲ ಹಿಡಿಯುತ್ತಿದ್ದ ದಾರಿಯೆಂಬುದನ್ನು ಅದರ ಹೆಸರೇ ಹೇಳುತ್ತದೆ. ಇಂದಿನ ವಾಹನಗಳನ್ನು ಎಣಿಸಿ, ಅದರ ಮೇಲೆ ಮಣ್ಣಿನ ದೋಷವನ್ನು ಊಹಿಸುವವರು ಇಂತಹ ಬೀದಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಗುವ ಸಂಭವವೇ ಹೆಚ್ಚು.

ಹೊಸ ಹೆದ್ದಾರಿಯ ಲಿಪಿಯೇ ಬೇರೆ. ಟೈರಿನ ರಬ್ಬರಿನಲ್ಲಿ ಸತುವಿನ ಆಕ್ಸೈಡು ನೂರಕ್ಕೆ ಒಂದೆರಡು ಪಾಲು ಇರುತ್ತದೆ. ಟೈರು ಸವೆದಂತೆಲ್ಲ ಸತು ಮಣ್ಣಿಗೆ ಇಳಿಯುತ್ತದೆ. ದಾರಿಯ ಅಂಚಿನ ಉಕ್ಕಿನ ತಡೆಪಟ್ಟಿಗಳಿಗೆ ಬಳಿದ ಸತುವೂ ಮಳೆಗೆ ಕರಗಿ ಅದರ ಜೊತೆ ಸೇರುತ್ತದೆ. ಬ್ರೇಕಿನ ಪಟ್ಟಿಗಳಿಂದ ತಾಮ್ರ, ಆಂಟಿಮನಿ. ಕನ್ವರ್ಟರುಗಳಿಂದ ಕಣಮಾತ್ರ ಪ್ಲಾಟಿನಂ, ಪಲ್ಲೇಡಿಯಂ. ವಾಹನ ಓಡುವ ಕಡೆಗಿಂತ ನಿಲ್ಲುವ ಕಡೆಯಲ್ಲಿ, ಎಂದರೆ ಸುಂಕದ ಕಟ್ಟೆ, ತಿರುವು, ಇಳಿಜಾರು, ಬಸ್ ನಿಲ್ದಾಣಗಳಲ್ಲಿ, ಬ್ರೇಕಿನ ಧೂಳು ಹೆಚ್ಚು. ಅತ್ತಿಬೆಲೆಯ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತು ಕಾಯುತ್ತಿದ್ದುದನ್ನು ಎಲ್ಲರೂ ಬಲ್ಲೆವು. ಸರಕು ಸೇವಾ ತೆರಿಗೆ 2017ರ ಜುಲೈ 1ರಂದು ಬಂದ ಮೇಲೆ ಮಾರಾಟ ತೆರಿಗೆಯ ತಪಾಸಣೆ ಅಲ್ಲಿ ನಿಂತಿತು. ಶಾಸನಗಳ ಕಾಲದ ಸುಂಕದ ಠಾಣೆಗಳನ್ನು ಹುಡುಕುವ ಶ್ರದ್ಧೆಯಿಂದಲೇ, ಮುಂದಿನವರು ಈ ಠಾಣೆಯ ಸ್ಥಳವನ್ನೂ ತಾಮ್ರ, ಸತುಗಳ ಆಧಾರದಿಂದ ಗುರುತಿಸಬಹುದೇನೋ!

ಗಂಧಕದ ವಿಷಯದಲ್ಲಿ ಮಾತ್ರ ಸಮಾಧಾನಪಡಬಹುದು. 1990ರ ದಶಕದ ಮೊದಲ ಭಾಗದಲ್ಲಿ ಡೀಸೆಲ್ಲಿನಲ್ಲಿ ನೂರಕ್ಕೆ ಒಂದು ಪಾಲಿನ ತನಕ ಗಂಧಕವಿರಬಹುದಿತ್ತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಆರನೆಯ ಮಾನದಂಡದಲ್ಲಿ ಅದು ಹತ್ತು ಲಕ್ಷಕ್ಕೆ ಹತ್ತು ಪಾಲು. ಸಾವಿರ ಪಟ್ಟು ಇಳಿತ. ಗಂಧಕವೂ ಹೊಗೆಯ ಸಾರಜನಕದ ಆಕ್ಸೈಡುಗಳೂ ಮಣ್ಣನ್ನು ಹುಳಿಯಾಗಿಸತಕ್ಕವು. ಆದರೆ ದಾರಿಯ ಪಕ್ಕದ ಮಣ್ಣು ಸಾಮಾನ್ಯವಾಗಿ ಹುಳಿಯಾಗುವುದಕ್ಕೆ ಬದಲು ಕ್ಷಾರದ ಕಡೆಗೇ ವಾಲುತ್ತದೆ. ಸಿಮೆಂಟು, ಕಾಂಕ್ರೀಟು, ಜಲ್ಲಿಯ ಧೂಳುಗಳ ಸುಣ್ಣವೇ ಇದಕ್ಕೆ ಕಾರಣ. ಒಮ್ಮೆ ನಾವು ಶಾಲೆಯ ಮಕ್ಕಳೊಡನೆ ಹೆದ್ದಾರಿಯ ಅಂಚಿನ ಒಂದು ಹಿಡಿ ಮಣ್ಣನ್ನೂ ಒಳಗಿನ ಹೊಲದ ಒಂದು ಹಿಡಿ ಮಣ್ಣನ್ನೂ ಮಳೆನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಬಣ್ಣದ ಕಾಗದ ಅದ್ದಿ ನೋಡಿದೆವು. ಹೊಲದ ಮಣ್ಣಿನದು ಹಳದಿಯ ಕಡೆ, ದಾರಿಯದು ಹಸಿರಿನ ಕಡೆ. ದಾರಿಯ ಮಣ್ಣಿನ ನೀರಿನ ಮೇಲೆ ತೆಳುವಾದ ಎಣ್ಣೆಯ ಪೊರೆಯೂ ಇತ್ತು. ಒಬ್ಬ ಹುಡುಗಿ, “ಹಾಗಾದರೆ ದಾರಿಯ ಮಣ್ಣೇ ಒಳ್ಳೆಯದೇ ಸಾರ್, ಹುಳಿ ಇಲ್ಲವಲ್ಲ?” ಎಂದು ಕೇಳಿದಳು. ಸುಣ್ಣ ಇರುವ ತನಕ ಸೀಸ ಕಟ್ಟಿನಲ್ಲಿ ಇರುವುದು ನಿಜ. ಸೀಸವೇ ಇಲ್ಲದ ಮಣ್ಣು ಅದಕ್ಕಿಂತ ಒಳ್ಳೆಯದೆಂದು ಅವಳಿಗೆ ಹೇಳಿದೆವು. ಅವಳ ಪ್ರಶ್ನೆ ನಮ್ಮ ಉತ್ತರಕ್ಕಿಂತ ಚೆನ್ನಾಗಿತ್ತೆಂದು ಈಗಲೂ ಅನ್ನಿಸುತ್ತದೆ.

ಸೀಸವನ್ನಾಗಲಿ ಸತುವನ್ನಾಗಲಿ ಬಣ್ಣದ ಕಾಗದದಿಂದ ಅಳೆಯಲಾಗದು. ಅದಕ್ಕೆ ದೊಡ್ಡ ಪ್ರಯೋಗಶಾಲೆಯ ಉಪಕರಣ ಬೇಕು. ಅಳೆದು ಬಂದ ಅಂಕಿಯನ್ನೂ ಕಣ್ಣುಮುಚ್ಚಿ ವಾಹನದ ತಲೆಗೆ ಕಟ್ಟಲಾಗದು. ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ಕೆಲವರಪಳ್ಳಿಯ ಜಲಾಶಯಕ್ಕೆ ನೊರೆನೊರೆಯಾಗಿ ಬಂದು ಬೀಳುವುದನ್ನು ಕಂಡಿದ್ದೇವೆ. ಆ ನೀರು ಹಾಯುವ ಹೊಲಕ್ಕೆ ಲೋಹ ನೀರಿನಿಂದಲೂ ಬಂದೀತು. ಟೊಮೇಟೊ, ದ್ರಾಕ್ಷಿಗಳಿಗೆ ಮೈಲುತುತ್ತದ ಔಷಧಿ ಹೊಡೆಯುವ ತೋಟದಲ್ಲಿ ತಾಮ್ರಕ್ಕೆ ಬ್ರೇಕನ್ನು ದೂರುವುದು ಸಲ್ಲದು. 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶದ ಪಾಲನ್ನೂ ಬೇರೆ ತೂಗಬೇಕು. ದಾರಿಯಿಂದ ಒಂದು ಮಾರು, ಹತ್ತು ಮಾರು, ಐವತ್ತು ಮಾರು ದೂರದ ಮಣ್ಣನ್ನು ಹೋಲಿಸಿದಾಗ, ದೂರಕ್ಕೆ ತಕ್ಕಂತೆ ಅಂಕಿ ಇಳಿದರೆ ಮಾತ್ರ ಅದು ದಾರಿಯ ಲಿಪಿ.

ಇದೆಲ್ಲ ಬರಿಯ ಕುತೂಹಲದ ವಿಷಯವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಸುಗ್ಗಿಯಲ್ಲಿ, ಮಾರ್ಗಶಿರ ಪುಷ್ಯಗಳ ಸುಮಾರಿನಲ್ಲಿ, ನಮ್ಮ ಸೀಮೆಯ ಯಾವ ದಾರಿಯಲ್ಲಿಯಾದರೂ ಹೋಗಿ ನೋಡಿ. ರಾಗಿಯ ತೆನೆ, ಹುರುಳಿಯ ಬಳ್ಳಿಗಳನ್ನು ಡಾಂಬರಿನ ಮೇಲೆ ಹರಡಿರುತ್ತಾರೆ. ಅದರ ಮೇಲೆ ಬಸ್ಸು, ಲಾರಿಗಳು ಓಡಿ ಕಾಳು ಉದುರುತ್ತದೆ. ನೆಲ ಕೆತ್ತಿ, ಬಗ್ಗಡ ಸಾರಿಸಿ, ಮೇಟಿಕಂಬ ನಟ್ಟು, ರೋಣಗಲ್ಲು ಎಳೆಸುತ್ತಿದ್ದ ಕಣ ಹೋಯಿತು. ಕೂಲಿ ಸಿಗದು, ಎತ್ತಿಲ್ಲ, ಕಣದ ಜಾಗ ನಿವೇಶನವಾಯಿತು. ರೈತನನ್ನು ಬಯ್ದು ಪ್ರಯೋಜನವಿಲ್ಲ. ಆದರೆ ಟೈರಿನ ಸವೆತ, ಬ್ರೇಕಿನ ಧೂಳು, ಡಾಂಬರಿನ ಜಿಡ್ಡು, ಅಂಚಿನ ಹಳೆಯ ಮಣ್ಣು ಎಲ್ಲವೂ ಕಾಳಿನೊಡನೆ ಸೇರಿಯೇ ಗುಡಿಸಲ್ಪಡುತ್ತವೆ. ತೂರಿ, ಕೇರಿ, ತೊಳೆದರೆ ಬಹುಪಾಲು ಹೋಗುತ್ತದೆ. ತೊಳೆಯದೆ ಬೀಸಿದರೆ ಹಿಟ್ಟಿಗೆ ಸೇರುತ್ತದೆ.

ರಾಗಿಯ ವಿಷಯದಲ್ಲಿ ಇನ್ನೊಂದು ಮಾತು. ದೇಹ ಸೀಸವನ್ನು ಸುಣ್ಣವೆಂದು ಭ್ರಮಿಸಿ ಮೂಳೆಯಲ್ಲಿ ಸೇರಿಸಿಕೊಳ್ಳುತ್ತದೆ. ಊಟದಲ್ಲಿ ಸುಣ್ಣ, ಕಬ್ಬಿಣಗಳು ಸಾಲದ ಮಗು ಸೀಸವನ್ನು ಹೆಚ್ಚು ಹೀರುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರು ಹತ್ತರಲ್ಲಿ ಒಂದು ಪಾಲನ್ನು ಹೀರಿದರೆ, ಎಳೆಯ ಮಕ್ಕಳು ಅರ್ಧದ ತನಕ ಹೀರಬಲ್ಲರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಸುಣ್ಣ ಕೊಡುವ ಧಾನ್ಯಕ್ಕೇ ನಾವು ದಾರಿಯ ಧೂಳನ್ನು ಬೆರಸುತ್ತಿದ್ದೇವೆ. ಹೆದ್ದಾರಿಗೆ ಅಂಟಿಕೊಂಡ ಎಷ್ಟೋ ಶಾಲೆಗಳ ಆಟದ ಬಯಲು ಹಳೆಯ ದಾರಿಯ ಅಂಚಿನಲ್ಲಿಯೇ ಇದೆ. ಮಕ್ಕಳು ಗೋಲಿ ಆಡಿ, ಅದೇ ಕೈಯಿಂದ ಮಧ್ಯಾಹ್ನದ ಅನ್ನ ಉಣ್ಣುತ್ತವೆ. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಸೀಸದ ಪ್ರಮಾಣ ಯಾವುದೂ ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬಯಲಿಗೆ ಹುಲ್ಲು ಹಬ್ಬಿಸಿದರೆ, ಊಟಕ್ಕೆ ಮುಂಚೆ ಕೈ ತೊಳೆಸಿದರೆ, ಶಾಲೆಯ ಸೊಪ್ಪಿನ ಮಡಿಯನ್ನು ದಾರಿಯ ಕಡೆಯಿಂದ ಹಿತ್ತಿಲ ಕಡೆಗೆ ಸರಿಸಿ ತಿಪ್ಪೆಗೊಬ್ಬರ ಹಾಕಿದರೆ, ಖರ್ಚಿಲ್ಲದೆ ಬಹಳ ಮಟ್ಟಿಗೆ ತಪ್ಪಿಸಬಹುದು. ಸೊಪ್ಪಿಗೆ ಬೇರಿನಿಂದ ಏರುವ ಸೀಸಕ್ಕಿಂತ ಎಲೆಯ ಮೇಲೆ ಕೂರುವ ಧೂಳೇ ಹೆಚ್ಚು.

ಇನ್ನು ನಮ್ಮ ಕೆಲಸ. ಹೆದ್ದಾರಿ ಅಗಲವಾದಾಗ ಹುಣಿಸೆ, ಆಲ, ಅರಳಿಗಳ ಸಾಲುಮರಗಳು ಉರುಳಿದವು. ಅವುಗಳ ಬುಡದ, ದಶಕಗಳ ಧೂಳನ್ನು ಎಲೆಗಳಿಂದ ಇಳಿಸಿಕೊಂಡ ಮಣ್ಣನ್ನು ಯಂತ್ರಗಳು ಎತ್ತಿ ಎಲ್ಲೆಲ್ಲಿಗೋ ಒಯ್ದವು. ಬೇರೆ ಕಡೆಯ ಗೊರಚು ಮಣ್ಣು ಅಲ್ಲಿಗೆ ಬಂದು ಬಿದ್ದಿತು. ಮಣ್ಣಿನ ದಾಖಲೆಯ ಎಷ್ಟೋ ಹಾಳೆಗಳು ಹೀಗೆ ಹರಿದಿವೆ, ಕಲಸಿವೆ. ಹರಿಯದೆ ಉಳಿದಿರುವುದು ದಾರಿ ಸರಿದುಹೋದ ಕಡೆಗಳಲ್ಲಿ: ತಿರುವನ್ನು ನೇರ ಮಾಡಿದಾಗ ಬಿಟ್ಟುಹೋದ ತುಂಡು, ಹೊರವರ್ತುಲ ಬಂದ ಮೇಲೆ ಊರೊಳಗೆ ಉಳಿದ ಬೀದಿ, ಹೊಸ ಸೇತುವೆಯ ಪಕ್ಕದ ಹಳೆಯ ಮೋರಿ. ಇವು ಯಾವ ವರ್ಷದ ತನಕ ಹೆದ್ದಾರಿಯಾಗಿದ್ದವು, ಬಸ್ಸು ಎಲ್ಲಿ ನಿಲ್ಲುತ್ತಿತ್ತು, ಪೆಟ್ರೋಲ್ ಬಂಕು ಎಲ್ಲಿತ್ತು, ಬಂಡಿ ಬಿಡುವ ತೋಪು ಯಾವುದು ಎಂಬುದು ಯಾವ ಪ್ರಯೋಗಶಾಲೆಯಲ್ಲಿಯೂ ಸಿಗುವುದಿಲ್ಲ. ಹಳೆಯ ಗ್ರಾಮನಕ್ಷೆಯಲ್ಲಿ ಸ್ವಲ್ಪ ಸಿಗುತ್ತದೆ. ಎಂಬತ್ತು ದಾಟಿದ ಡ್ರೈವರುಗಳ, ಹೋಟೆಲಿನವರ, ಎಲೆಅಡಕೆ ಅಂಗಡಿಯವರ ನೆನಪಿನಲ್ಲಿ ಹೆಚ್ಚು ಸಿಗುತ್ತದೆ.

ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿಯೂ ಹೊಸೂರಿನಲ್ಲಿಯೂ ಈಗ ವಿದ್ಯುತ್ ಸ್ಕೂಟರುಗಳು ತಯಾರಾಗುತ್ತಿವೆ. ಅವುಗಳಿಗೆ ಹೊಗೆಯ ಕೊಳವೆಯೇ ಇಲ್ಲ. ಟೈರು ಮಾತ್ರ ಸವೆಯುತ್ತದೆ, ಸತು ಇಳಿಯುತ್ತದೆ. ದಾರಿಯ ಮಣ್ಣಿನಲ್ಲಿ ಇನ್ನೊಂದು ಅಧ್ಯಾಯ ಆರಂಭವಾಗಿದೆ. ಹಿಂದಿನ ಅಧ್ಯಾಯವನ್ನು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ನಮ್ಮ ಕಡೆಯ ಒಂದು ಹಳೆಯ ತಿರುವಿನಲ್ಲಿ, ಈಗ ಆಡುಗಳಷ್ಟೇ ಮೇಯುವ ಡಾಂಬರಿನ ತುಂಡಿನ ಪಕ್ಕದಲ್ಲಿ, ಕಡಿಯದೆ ಉಳಿದ ಹುಣಿಸೆಮರಗಳು ಮೂರು ಇವೆ. ಅವುಗಳ ಬುಡದ ಮಣ್ಣನ್ನು ಮೂರು ಚೀಲಗಳಲ್ಲಿ ತೆಗೆದಿಟ್ಟು, ದಾರಿಯಿಂದ ಎಷ್ಟು ಮಾರು, ಎಷ್ಟು ಆಳ, ಯಾವ ದಿನ ಎಂದು ಚೀಟಿ ಬರೆದು ಕಟ್ಟಿದ್ದೇವೆ.